ನಳಕ್ಕಿಂತ ಮೊದಲು ಬಾವಿಯ ಮೇಲಿನ ಗುಡ್ಡ: ಕುಡಿಯುವ ನೀರಿನ ಮೂಲವನ್ನು ಪಂಚಾಯಿತಿ ಹೇಗೆ ಕಾಯಬೇಕು?

ಪ್ರಶ್ನೆ
ಬರೆದವರು: ಮಂಜುಗುಣಿ ದಾರಿ (ಶಿರಸಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿಯೂ ಇದ್ದೇನೆ. ಜಲ ಜೀವನ್ ಮಿಷನ್ನಿನ ನಳಗಳು ನಮ್ಮ ಮಜರೆಗಳಿಗೆ ಬಂದಿವೆ. ಆ ನಳಗಳಿಗೆ ನೀರು ಏರಿಸುವುದು ಗುಡ್ಡದ ಬುಡದಲ್ಲಿರುವ ಒಂದು ತೆರೆದ ಬಾವಿಯಿಂದ. ಬಾವಿಯ ಮೇಲ್ಭಾಗದಲ್ಲಿ ಅಡಿಕೆ ತೋಟಗಳಿವೆ, ಎರಡು ಮನೆಯವರ ಕೊಟ್ಟಿಗೆಗಳೂ ಗೊಬ್ಬರಗುಂಡಿಗಳೂ ಇವೆ, ಅವುಗಳಿಗಿಂತ ಮೇಲೆ ಈಚೆಗೆ ಕಟ್ಟಿದ ಒಂದು ಹೋಂಸ್ಟೇ ಮತ್ತು ಅದರ ಇಂಗುಗುಂಡಿ ಇದೆ. ಈಗ ಅದೇ ಇಳಿಜಾರಿನಲ್ಲಿ ಪಂಚಾಯಿತಿಯ ಕಸ ವಿಂಗಡಣೆಯ ಶೆಡ್ ಕಟ್ಟುವ ಪ್ರಸ್ತಾಪವೂ ಬಂದಿದೆ.

ಬೇಸಿಗೆಯಲ್ಲಿ ಪ್ರಯೋಗಾಲಯಕ್ಕೆ ಕಳುಹಿಸಿದ ನೀರಿನ ವರದಿಯಲ್ಲಿ ಯಾವ ದೋಷವೂ ಇರಲಿಲ್ಲ. ಮೃಗಶಿರಾ ಮಳೆ ಹಿಡಿದ ಮೇಲೆ ನಮ್ಮಲ್ಲಿ ತರಬೇತಿ ಪಡೆದ ಹೆಣ್ಣುಮಕ್ಕಳು ಪರೀಕ್ಷಾ ಕಿಟ್ಟಿನ ಎಚ್‌ಟುಎಸ್ ಬಾಟಲಿಗೆ (ಕರುಳಿನ ಸೂಕ್ಷ್ಮಾಣುಗಳಿದ್ದರೆ ಇದರ ನೀರು ಕಪ್ಪಾಗುತ್ತದೆ) ಅದೇ ಬಾವಿಯ ನೀರನ್ನು ತುಂಬಿಸಿಟ್ಟರು. ಮರುದಿನ ಅದು ಮಸಿಯಂತೆ ಕಪ್ಪಾಗಿತ್ತು. ಸಮಿತಿಯ ಸಭೆಯಲ್ಲಿ ಚರ್ಚೆಯೆಲ್ಲ ಬ್ಲೀಚಿಂಗ್ ಪುಡಿ ಎಷ್ಟು ಹಾಕಬೇಕು, ನೀರಿನ ಲವಣಗಳನ್ನು ಸೋಸುವ ಆರ್‌ಒ ಘಟಕಕ್ಕೆ ಯಾವ ಅನುದಾನ ಸಿಗುತ್ತದೆ ಎಂಬುದರ ಸುತ್ತಲೇ ನಡೆಯಿತು. ನೀರು ಹಾಳಾದ ಮೇಲೆ ಶುದ್ಧಮಾಡುವ ಬಗ್ಗೆ ಮಾತ್ರ ಯೋಚಿಸಿ, ಅದು ಹಾಳಾಗುವ ಜಾಗದ ಕಡೆ ತಲೆಯೆತ್ತಿಯೂ ನೋಡದಿರುವುದು ನನಗೆ ಸರಿಯೆನಿಸುತ್ತಿಲ್ಲ. ಬಾವಿಯ ಮೇಲಿನ ಎಷ್ಟು ನೆಲವನ್ನು ನಾವು ಕಾಯಬೇಕು? ಅದಕ್ಕೆ ಕಾನೂನಿನಲ್ಲಿ ಆಧಾರವಿದೆಯೇ? ತೋಟಿಗರೊಡನೆ ವೈರ ಕಟ್ಟಿಕೊಳ್ಳದೆ ಈ ಮಾತನ್ನು ಎತ್ತುವುದು ಹೇಗೆ? ಅನುಭವವುಳ್ಳವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ
ಬರೆದವರು: ನೀರಿನ ಮಾದರಿ (ಕಾರವಾರ)

ಸದಸ್ಯೆಯವರಿಗೆ ನಮಸ್ಕಾರ. ನೀರಿನ ಪರೀಕ್ಷೆಯ ಕೆಲಸದಲ್ಲಿ ಬಹುಕಾಲ ಇದ್ದು ನಿವೃತ್ತನಾದವನು ನಾನು, ಆದ್ದರಿಂದ ಬಾಟಲಿಯಿಂದಲೇ ಆರಂಭಿಸುತ್ತೇನೆ. ಬಾಟಲಿ ಕಪ್ಪಾಯಿತೆಂದರೆ ಕರುಳಿನಿಂದ ಬಂದ ಸೂಕ್ಷ್ಮಾಣುಗಳು ನೀರಿನಲ್ಲಿರುವ ಸಂಭವ ಹೆಚ್ಚು ಎಂದರ್ಥ. ಅವು ಮನುಷ್ಯರವೋ ದನಕರುಗಳವೋ ಎಂಬುದನ್ನು ಅದು ಹೇಳುವುದಿಲ್ಲ, ಮಣ್ಣಿನಲ್ಲಿರುವ ಕೆಲವು ಸೂಕ್ಷ್ಮಾಣುಗಳಿಂದಲೂ ಬಣ್ಣ ಬದಲಾಗಬಹುದು. ಆದ್ದರಿಂದ ಇ. ಕೋಲಿ (ನೀರಿಗೆ ಮಲ ಸೇರಿರುವುದನ್ನು ತೋರಿಸುವ ಕರುಳಿನ ಸೂಕ್ಷ್ಮಾಣು) ಪರೀಕ್ಷೆಗಾಗಿ ಇನ್ನೊಂದು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿರಿ. ವರದಿ ಬರುವವರೆಗೆ ಎಲ್ಲರೂ ನೀರನ್ನು ಕುದಿಸಿಯೇ ಕುಡಿಯಬೇಕೆಂದು ಇಂದೇ ಡಂಗುರ ಹೊಡೆಸಿರಿ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ 100 ಮಿ.ಲೀ. ಕುಡಿಯುವ ನೀರಿನಲ್ಲಿ ಇ. ಕೋಲಿ ಒಂದೂ ಕಾಣಿಸಬಾರದು, ಇದರಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಬೇಸಿಗೆಯ ವರದಿಯೂ ಸರಿ, ಜೂನ್ ತಿಂಗಳ ಬಾಟಲಿಯೂ ಸರಿ. ಬಾವಿ ಒಂದೇ ಆದರೂ ಅದರೊಳಗಿನ ನೀರು ಒಂದೇ ಅಲ್ಲ. ಏಪ್ರಿಲ್‌ನಲ್ಲಿ ನಿಮ್ಮ ಬಾವಿಗೆ ಬರುವುದು ತಿಂಗಳುಗಟ್ಟಲೆ ಮಣ್ಣಿನಲ್ಲಿ ನಿಧಾನವಾಗಿ ಸೋಸಿ ಬಂದ ಒರತೆ. ಮಳೆಗಾಲದ ಆರಂಭದಲ್ಲಿ ಬರುವುದು ನೆಲದ ಮೇಲಿದ್ದುದನ್ನೆಲ್ಲ ತೊಳೆದುಕೊಂಡು ಚಿರೇಕಲ್ಲಿನ ರಂಧ್ರಗಳ ಮೂಲಕ ಕೆಲವೇ ಗಂಟೆಗಳಲ್ಲಿ ಇಳಿದ ನೀರು. ಬಾವಿಗೂ ಶೌಚದ ಗುಂಡಿಗೂ ಕನಿಷ್ಠ 15 ಮೀಟರ್ ಅಂತರವಿರಬೇಕೆಂದು ಪಠ್ಯಪುಸ್ತಕಗಳಲ್ಲಿ ಇರುತ್ತದೆ. ಮರಳು ಮಿಶ್ರಿತ ಸಮತಟ್ಟು ನೆಲದಲ್ಲಿ ಈ ಅಂತರ ಒಂದಿಷ್ಟು ರಕ್ಷಣೆ ಕೊಡಬಹುದು, ಆದರೆ ಕೊಳವೆಗಳಂಥ ತೂತುಗಳಿರುವ ನಮ್ಮ ಚಿರೇಕಲ್ಲಿನ ಇಳಿಜಾರಿನಲ್ಲಿ ಅದನ್ನು ನಂಬಿ ಕೂರುವುದು ಅಪಾಯ. ಜರ್ಮನಿಯಲ್ಲಿ ಕುಡಿಯುವ ನೀರಿನ ಬಾವಿಯ ಒಳವಲಯವನ್ನು ಗುರುತಿಸುವಾಗ ಅಡಿ, ಮೀಟರುಗಳಿಗಿಂತ ದಿನಗಳಿಗೆ ಬೆಲೆ ಕೊಡುತ್ತಾರೆ. ನೆಲದಡಿಯಲ್ಲಿ ಬಾವಿಯನ್ನು ತಲುಪಲು ನೀರಿಗೆ 50 ದಿನಗಳಾದರೂ ಬೇಕಾಗುವಷ್ಟು ದೂರ ಆ ವಲಯ ಹಬ್ಬಿರಬೇಕು, ಏಕೆಂದರೆ ರೋಗಾಣುಗಳಲ್ಲಿ ಬಹುಪಾಲು ಅಷ್ಟರೊಳಗೆ ಸಾಯುತ್ತವೆ.

ಪಂಚಾಯಿತಿ ಮಟ್ಟದಲ್ಲಿ ಇದನ್ನು ಅಳೆಯುವುದು ಕಷ್ಟ, ಆದರೆ ಕಣ್ಣಿನಿಂದ ನೋಡಿ ತಿಳಿಯಬಹುದಾದದ್ದು ಬಹಳವಿದೆ. ಜೋರಾಗಿ ಮಳೆ ಸುರಿದು ನಿಂತ ಒಂದೆರಡು ಗಂಟೆಗಳ ನಂತರ ಟಾರ್ಚ್ ಹಿಡಿದು ಬಾವಿಯ ಒಳಗೋಡೆಯನ್ನು ನೋಡಿರಿ. ನೀರಿನ ಮಟ್ಟಕ್ಕಿಂತ ಮೇಲೆ, ಗುಡ್ಡದ ಕಡೆಯ ಗೋಡೆಯ ಕಲ್ಲಿನ ಸಂದುಗಳಿಂದ ಕೆಂಪಗೆ ಅಥವಾ ಕಂದಾಗಿ ನೀರು ಜಿನುಗುತ್ತಿದ್ದರೆ ಅದು ಒರತೆಯಲ್ಲ, ಆಗಷ್ಟೇ ನೆಲದ ಮೇಲೆ ಬಿದ್ದ ಮಳೆಯ ನೀರು. ಆ ಸಂದಿಗೆ ಎದುರಾಗಿ ಗುಡ್ಡ ಹತ್ತುತ್ತ ಹೋಗಿ, ಗಾಡಿದಾರಿಯಲ್ಲಿ ಬಂದ ನೀರು ಎಲ್ಲಿ ತಿರುಗುತ್ತದೆ, ಗೊಬ್ಬರಗುಂಡಿ ಯಾವ ಕಡೆಗೆ ತುಳುಕುತ್ತದೆ, ಹೋಂಸ್ಟೇಯ ಇಂಗುಗುಂಡಿಯ ಕೆಳಗಿನ ನೆಲ ಮಳೆಯಿಲ್ಲದಾಗಲೂ ಒದ್ದೆಯಾಗಿ ಹಸಿರಾಗಿದೆಯೇ ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳಿರಿ. ಬಾವಿಯ ಸುತ್ತಲಿನ ಕಟ್ಟೆ ಬಿರುಕು ಬಿಟ್ಟಿದ್ದರೆ ಮೊದಲು ಅದನ್ನು ಮುಚ್ಚಿಸಿರಿ. ಎಷ್ಟೋ ಕಡೆ ಅರ್ಧ ತೊಂದರೆ ಅಲ್ಲಿಗೇ ತೀರುತ್ತದೆ.

ಬ್ಲೀಚಿಂಗ್ ಪುಡಿ ಬೇಡವೆಂದು ನಾನು ಹೇಳುತ್ತಿಲ್ಲ, ಅದು ಬೇಕೇ ಬೇಕು. ಒಳ್ಳೆಯ ಪುಡಿಯಾದರೆ 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಸಾಕು. ಒಂದು ಗಂಟೆ ಬಿಟ್ಟ ಮೇಲೆ ನೀರು ಬಿಡಬೇಕು, ಕೊನೆಯ ಮನೆಯ ನಳದಲ್ಲಿಯೂ ಲೀಟರಿಗೆ 0.2 ಮಿ.ಗ್ರಾಂ. ಉಳಿಕೆ ಕ್ಲೋರಿನ್ ಕಾಣಬೇಕು. ಆದರೆ ನೀರು ಕೆಂಪಾಗಿದ್ದರೆ ಕ್ಲೋರಿನ್ ಆ ರಾಡಿಯಲ್ಲಿಯೇ ಖರ್ಚಾಗಿ ಹೋಗುತ್ತದೆ. ಎಂದರೆ ನಿಮಗೆ ಅದರ ಅಗತ್ಯ ಹೆಚ್ಚಾಗಿರುವ ದಿನಗಳಲ್ಲಿಯೇ ಅದರ ಶಕ್ತಿ ಕಡಿಮೆ. ಆರ್‌ಒ ಘಟಕವಂತೂ ನಿಮ್ಮ ಊರಿಗೆ ಹಣ ದಂಡ ಎಂಬುದು ನನ್ನ ದೃಢವಾದ ಅಭಿಪ್ರಾಯ. ಫ್ಲೋರೈಡ್, ಲವಣಗಳ ಕಾಟವಿರುವ ಬಯಲುಸೀಮೆಯ ಔಷಧವನ್ನು ಲವಣವೇ ಕಡಿಮೆಯಿರುವ ಮಲೆನಾಡಿನ ನೀರಿಗೆ ಏಕೆ ಹಾಕಬೇಕು? ಅಲ್ಲದೆ ಘಟಕದ ನೀರು ಘಟಕದಲ್ಲಿಯೇ ಸಿಗುತ್ತದೆ, ಮನೆಯ ನಳದಲ್ಲಿ ಆಗಲೂ ಹಳೆಯ ನೀರೇ ಬರುತ್ತಿರುತ್ತದೆ.

ಮೂಲದ ರಕ್ಷಣೆಯನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾದ ವಾಕರ್ಟನ್ ಎಂಬ ಊರಿನ ಘಟನೆಯನ್ನು ನಿಮ್ಮ ಸಭೆಯಲ್ಲಿ ಹೇಳಿರಿ. ಸುಮಾರು 5,000 ಜನರಿದ್ದ ಊರು ಅದು. 2000ನೇ ಇಸವಿಯ ಮೇ ತಿಂಗಳಿನಲ್ಲಿ ಭಾರಿ ಮಳೆ ಸುರಿದಾಗ ಪಕ್ಕದ ಹೊಲಕ್ಕೆ ಹಾಕಿದ್ದ ದನದ ಗೊಬ್ಬರದಿಂದ ರೋಗಾಣುಗಳು ಆಳವಿಲ್ಲದ ಒಂದು ಬಾವಿಗೆ ಸೇರಿದವು. ಕ್ಲೋರಿನ್ ಪ್ರಮಾಣವೂ ಸಾಕಷ್ಟಿರಲಿಲ್ಲ, ನೀರಿನ ಉಸ್ತುವಾರಿಯವರು ಅದನ್ನು ಸರಿಯಾಗಿ ನೋಡಿಯೂ ಇರಲಿಲ್ಲ. 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಏಳು ಮಂದಿ ಸತ್ತರು.

ಉತ್ತರ
ಬರೆದವರು: ಸೊಪ್ಪಿನಬೆಟ್ಟ (ಸಿದ್ದಾಪುರ)

ತಂಗಿ, ನಾನು ತೋಟಿಗ. ನೀವು ಕೊನೆಗೆ ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನನ್ನಂಥವರೇ ಆದ್ದರಿಂದ ಬರೆಯುತ್ತಿದ್ದೇನೆ. ಮೇಲೆ ಕಾರವಾರದವರು ಹೇಳಿದ ವಾಕರ್ಟನ್ ಪ್ರಕರಣದಲ್ಲಿ ಇನ್ನೊಂದು ಸಂಗತಿಯಿದೆ, ಅದನ್ನೂ ಸಭೆಯಲ್ಲಿ ಹೇಳಿರಿ. ತನಿಖೆ ನಡೆಸಿದ ನ್ಯಾಯಮೂರ್ತಿ ಡೆನ್ನಿಸ್ ಓ'ಕಾನರ್ ಅವರು, ಆ ರೈತನು ಗೊಬ್ಬರವನ್ನು ಸರಿಯಾದ ಪದ್ಧತಿಯಲ್ಲಿಯೇ ಬಳಸಿದ್ದನು, ಅವನ ಮೇಲೆ ತಪ್ಪು ಹೊರಿಸಲಾಗದು ಎಂದು ವರದಿಯಲ್ಲಿ ಸ್ಪಷ್ಟಪಡಿಸಿದರು. ತಪ್ಪು ಇದ್ದದ್ದು ಬಾವಿಯನ್ನು ಆ ಜಾಗದಲ್ಲಿ ಇಟ್ಟುಕೊಂಡು ಅದರ ಮೇಲಿನ ನೆಲದ ವಿಚಾರವನ್ನೇ ಮಾಡದ ವ್ಯವಸ್ಥೆಯಲ್ಲಿ. ಯಾರಾದರೂ ಈ ಮಾತಿನಿಂದ ಆರಂಭಿಸಿದರೆ ತೋಟದವರು ಕಿವಿಗೊಡುತ್ತಾರೆ, ನೋಟಿಸಿನಿಂದ ಆರಂಭಿಸಿದರೆ ಬಾಗಿಲು ಹಾಕಿಕೊಳ್ಳುತ್ತಾರೆ.

ನಮ್ಮಲ್ಲಿ ಆಗಬೇಕಾದ ಕೆಲಸಗಳು ದೊಡ್ಡವೇನೂ ಅಲ್ಲ. ಗೊಬ್ಬರಗುಂಡಿ ಮಳೆಗಾಲದಲ್ಲಿ ತುಂಬಿ ಹರಿಯುವುದಕ್ಕೆ ಕಾರಣ ಗೊಬ್ಬರವಲ್ಲ, ಅದರೊಳಗೆ ಬೀಳುವ ಮಳೆ. ಗುಂಡಿಗೆ ಸೋಗೆಯದೋ ತಗಡಿನದೋ ಒಂದು ಮಾಡು ಹಾಕಿ, ಮೇಲಿಂದ ಬರುವ ನೀರು ಒಳಗಿಳಿಯದಂತೆ ಸುತ್ತಲೂ ಒಂದು ಸಣ್ಣ ಒಡ್ಡು ಕಟ್ಟಿದರೆ ಗೊಬ್ಬರದ ಸಾರವೂ ಉಳಿಯುತ್ತದೆ, ಬಾವಿಯೂ ಉಳಿಯುತ್ತದೆ. ನಮ್ಮ ಕೇರಿಯಲ್ಲಿ ಇದನ್ನು ಮಾಡಿದ ಮೇಲೆ ಮೊದಲು ಲಾಭ ಕಂಡದ್ದು ತೋಟಕ್ಕೇ.

ಕೊಳೆರೋಗದ ಔಷಧಿಯ ವಿಚಾರವನ್ನು ಹೇಳಲೇಬೇಕು. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್: ಈ ಬೋರ್ಡೋ ದ್ರಾವಣವಿಲ್ಲದೆ ನಮ್ಮ ಭಾಗದಲ್ಲಿ ಅಡಿಕೆ ಉಳಿಯುವುದಿಲ್ಲ, ಅದನ್ನು ಬಿಡಿರೆಂದು ಯಾರೂ ಹೇಳಬಾರದು. ಆದರೆ ನೀರು ಕೈಗೆ ಸಿಗುತ್ತದೆಂದು ಡ್ರಮ್ಮನ್ನು ಹಳ್ಳದ ದಂಡೆಯಲ್ಲಿಟ್ಟು ಕದಡುವುದೂ, ಕೊನೆಗೌಡ (ಅಡಿಕೆ ಮರ ಹತ್ತಿ ಔಷಧಿ ಹೊಡೆಯುವವನು) ಮರದಿಂದ ಇಳಿದ ಮೇಲೆ ಸಂಜೆ ಪಂಪನ್ನೂ ಡ್ರಮ್ಮನ್ನೂ ಹಳ್ಳದಲ್ಲಿಯೇ ತೊಳೆಯುವುದೂ ರೂಢಿಯಾಗಿಬಿಟ್ಟಿದೆ. ಆಗ ಹಳ್ಳದ ಕಲ್ಲುಗಳ ಮೇಲೆ ತೆಳುನೀಲಿ ಗಸಿ ಕೂರುವುದನ್ನು ಯಾರು ಬೇಕಾದರೂ ನೋಡಬಹುದು. ಮನುಷ್ಯರು ತಡೆದುಕೊಳ್ಳುವ ತಾಮ್ರದ ಪ್ರಮಾಣಕ್ಕಿಂತ ಎಷ್ಟೋ ಕಡಿಮೆ ತಾಮ್ರ ಮೀನುಮರಿಗಳಿಗೂ ನೀರಿನ ಹುಳುಗಳಿಗೂ ಮಾರಕ. ಔಷಧಿ ಕೂಡಿಸುವ ಜಾಗವನ್ನು ಹಳ್ಳದಿಂದಲೂ ಬಾವಿಯಿಂದಲೂ ದೂರ, ತೋಟದ ದಿಣ್ಣೆಯ ಮೇಲೆ ಮಾಡಿಕೊಂಡು, ತೊಳೆದ ನೀರನ್ನು ಅಲ್ಲಿಯೇ ಅಡಿಕೆ ಮರದ ಬುಡಕ್ಕೆ ಚೆಲ್ಲಿದರೆ ಮುಗಿಯಿತು. ಒಂದು ಉದ್ದದ ಪೈಪಿನ ಖರ್ಚು, ಅಷ್ಟೇ.

ನನಗೆ ಇದಕ್ಕಿಂತ ಹೆಚ್ಚು ಚಿಂತೆ ತಂದಿರುವುದು ಕಳೆನಾಶಕ. ಆಳು ಸಿಗುವುದಿಲ್ಲ ಎಂಬುದು ಸುಳ್ಳಲ್ಲ, ಹಾಗೆಂದು ಬಾವಿಯ ಮೇಲಿನ ಬಸಿಗಾಲುವೆಯ ಅಂಚಿಗೆಲ್ಲ ವಿಷ ಹೊಡೆಯುವುದು ಸರಿಯಲ್ಲ. ಕ್ರಿಮಿನಾಶಕ, ಕಳೆನಾಶಕಗಳ ಅಂಶ ಊರಿನ ಪರೀಕ್ಷಾ ಕಿಟ್ಟಿನಲ್ಲಿ ಕಾಣುವುದೇ ಇಲ್ಲ ಎಂಬುದನ್ನು ನೆನಪಿಡಬೇಕು. ಪಂಚಾಯಿತಿಯೋ ಸೇವಾ ಸಹಕಾರಿ ಸಂಘವೋ ಕಳೆ ಕೊಚ್ಚುವ ಯಂತ್ರವನ್ನು ಇಟ್ಟುಕೊಂಡು, ಬಾವಿಯ ಮೇಲ್ಭಾಗದ ತೋಟಗಳಿಗೆ ಮೊದಲ ಸರದಿ ಕೊಡಲಿ. ಬೆಟ್ಟದ ವಿಷಯವೂ ಹೀಗೆಯೇ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಸೌಲಭ್ಯ ನಮಗೆ ಸಿಕ್ಕಿರುವುದು ಬೋಳು ಮಾಡಲಿಕ್ಕಲ್ಲ. ದರಕನ್ನೆಲ್ಲ (ಉದುರಿದ ಒಣ ಎಲೆಗಳನ್ನೆಲ್ಲ) ಗುಡಿಸಿ ತಂದ ಬೆಟ್ಟದಲ್ಲಿ ಮಳೆ ಇಂಗುವುದಿಲ್ಲ, ಮಣ್ಣನ್ನೆಳೆದುಕೊಂಡು ಇಳಿಯುತ್ತದೆ. ಬಾವಿಯ ನೇರ ಮೇಲಿನ ಬೆಟ್ಟದಲ್ಲಿ ದರಕು ತೆಗೆಯದೆ ಬಿಡುವಂತೆ ಕೇಳಿರಿ. ಕೇಳುವಾಗ, ಅದರ ನಷ್ಟವನ್ನು ನೀರು ಕುಡಿಯುವ ಎಲ್ಲ ಮನೆಗಳೂ ಸೇರಿ ತುಂಬಿಕೊಡಬೇಕು ಎಂಬ ಮಾತನ್ನೂ ಸೇರಿಸಿರಿ. ನೀರಿನ ಕರದಲ್ಲಿ ಒಂದು ಪಾಲನ್ನು ಇದಕ್ಕೆ ಮೀಸಲಿಡುವುದು ನ್ಯಾಯ.

ಉತ್ತರ
ಬರೆದವರು: ಹೊಳೆಯ ಕೆಳಗಿನವ (ಕುಮಟಾ)

ಅಕ್ಕ, ಮಂಜುಗುಣಿಯಲ್ಲಿಯೂ ಶಿರಸಿಯ ಶಂಕರಹೊಂಡದ ಕಡೆಯಲ್ಲಿಯೂ ಹುಟ್ಟುವ ಹಳ್ಳಗಳು ಸೇರಿಯೇ ಅಘನಾಶಿನಿಯಾಗುತ್ತದೆ. ಅದೇ ಹೊಳೆಯಿಂದ ಮರಾಕಲ್‌ನಲ್ಲಿ ಎತ್ತಿದ ನೀರು ನಮ್ಮ ಪಟ್ಟಣದ ನಳಗಳಲ್ಲಿ ಬರುತ್ತದೆ. ಆದ್ದರಿಂದ ನಿಮ್ಮ ಬಾವಿಯ ಮೇಲಿನ ಗುಡ್ಡದ ಪ್ರಶ್ನೆ ನಿಮ್ಮ ಪಂಚಾಯಿತಿಯ ಗಡಿಯೊಳಗೆ ಮುಗಿಯುವುದಿಲ್ಲ. ಅಘನಾಶಿನಿಗೆ ಅಣೆಕಟ್ಟಿಲ್ಲ ಎಂದು ನಾವು ಹೆಮ್ಮೆಪಡುತ್ತೇವೆ, ಅದು ಸರಿಯೂ ಹೌದು. ಆದರೆ ಬೇಸಿಗೆಯಲ್ಲಿ ಹೊಳೆ ಸಣ್ಣದಾದಾಗ ಮೇಲಿಂದ ಬಂದ ಕೊಳೆ ತೆಳುವಾಗುವಷ್ಟು ನೀರು ಅದರಲ್ಲಿರುವುದಿಲ್ಲ.

ಕಾರವಾರ ಮತ್ತು ಅಂಕೋಲೆಯವರ ಸ್ಥಿತಿ ಇನ್ನೂ ಯೋಚಿಸಬೇಕಾದದ್ದು. ಅವರಿಗೆ ನೀರು ಬರುವುದು ಗಂಗಾವಳಿಯ ಹೊನ್ನಳ್ಳಿಯಿಂದ. ಗಂಗಾವಳಿಯೆಂದರೆ ಮೇಲೆ ಬೇಡ್ತಿ, ಇನ್ನೂ ಮೇಲೆ ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆ. ಕಡಲತಡಿಯ ಒಂದು ಊರಿನ ಕುಡಿಯುವ ನೀರಿನ ಜಲಾನಯನ ಘಟ್ಟದಾಚೆಯ ದೊಡ್ಡ ಪಟ್ಟಣಗಳವರೆಗೆ ಚಾಚಿಕೊಂಡಿದೆ. ಅಲ್ಲಿನ ಚರಂಡಿ ನೀರಿನ ಸಂಸ್ಕರಣೆಯ ಬಗ್ಗೆ ಕಾರವಾರದ ನಳದವರು ಯಾರನ್ನು ಕೇಳಬೇಕು? ಅಷ್ಟು ದೂರ ಹರಿಯುವಾಗ ಹೊಳೆ ತನ್ನನ್ನು ಒಂದಿಷ್ಟು ತೊಳೆದುಕೊಳ್ಳುತ್ತದೆ ನಿಜ, ಆದರೆ ಹೊಳೆಯ ಆ ಔದಾರ್ಯವನ್ನೇ ನೆಚ್ಚಿಕೊಂಡು ಒಂದು ಜಿಲ್ಲೆಯ ನೀರಿನ ಯೋಜನೆ ನಡೆಯಬಾರದು.

ನಮ್ಮ ಬಾವಿಗಳ ಕಥೆ ಬೇರೆ. ಕರಾವಳಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರ ಮಟ್ಟಕ್ಕಿಂತ ಮೇಲೆ ಒಂದು ಅಡಿ ಸಿಹಿನೀರಿದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರುತ್ತದೆ. ಪಂಪು ಹಾಕಿ ಮೇಲಿನ ಒಂದು ಅಡಿಯನ್ನು ಇಳಿಸಿದರೆ ಕೆಳಗಿನಿಂದ ಉಪ್ಪು ನಲವತ್ತು ಅಡಿ ಏರಲು ದಾರಿಯಾಗುತ್ತದೆ. ಗಜನಿಯ (ಹೊಳೆಯ ಅಳಿವೆಯ ಪಕ್ಕದ ತಗ್ಗು ಗದ್ದೆಯ) ಒಡ್ಡು ಒಡೆದರಂತೂ ಭರತದ ನೀರು ನುಗ್ಗಿ ಪಕ್ಕದ ಬಾವಿಗಳು ಉಪ್ಪಾಗುತ್ತವೆ. ಬ್ಲೀಚಿಂಗ್ ಪುಡಿಯಿಂದಾಗಲಿ ಕುದಿಸುವುದರಿಂದಾಗಲಿ ಉಪ್ಪು ಹೋಗುವುದಿಲ್ಲ. ಬಾವಿ ಉಪ್ಪಾದ ಮೇಲೆ ನಮಗೆ ಉಳಿಯುವುದು ನಿಮ್ಮ ಕಡೆಯಿಂದ ಬರುವ ಹೊಳೆಯ ನೀರೊಂದೇ, ಅದಕ್ಕಾಗಿಯೇ ಇಷ್ಟು ಬರೆದೆ.

ಉತ್ತರ
ಬರೆದವರು: ಕಲಂ (ಕಾರವಾರ)

ಮೇಡಂ, ಕಾನೂನಿನ ಬಗ್ಗೆ ಕೇಳಿದ್ದೀರಿ. ಮಾಲಿನ್ಯವಿಲ್ಲದ ನೀರು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. 1974ರ ಜಲ ಮಾಲಿನ್ಯ ಕಾಯ್ದೆಯ 24ನೇ ಕಲಂ ಹೊಳೆಗೆ, ಬಾವಿಗೆ ಅಥವಾ ನೆಲಕ್ಕೆ ಮಾಲಿನ್ಯಕಾರಕ ವಸ್ತುವನ್ನು ತಿಳಿದೂ ಬಿಡುವುದನ್ನು ನಿಷೇಧಿಸುತ್ತದೆ. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ತಾತ್ಕಾಲಿಕವಾಗಿ ಒಣಗಿರುವ ತೊರೆಯೂ ನೆಲದಡಿಯ ನೀರೂ ಸೇರಿರುವುದರಿಂದ, ಬೇಸಿಗೆಯಲ್ಲಿ ಬತ್ತಿದ ಹಳ್ಳ ಹಳ್ಳವೇ ಅಲ್ಲ ಎಂಬ ವಾದ ನಿಲ್ಲುವುದಿಲ್ಲ. ಕಸದ ಶೆಡ್ಡಿನ ವಿಚಾರದಲ್ಲಿ, 2016ರ ಘನತ್ಯಾಜ್ಯ ನಿಯಮಗಳು ಕಸ ಹೂಳುವ ಜಾಗ ನದಿಯಿಂದ 100 ಮೀಟರ್, ನೀರು ಪೂರೈಕೆಯ ಬಾವಿಯಿಂದ 200 ಮೀಟರ್ ದೂರವಿರಬೇಕೆಂದು ಹೇಳಿದ್ದವು. ನಿಮ್ಮದು ವಿಂಗಡಣೆಯ ಶೆಡ್ಡೇ ಆದರೂ ಅದೇ ಅಂತರವನ್ನು ಕನಿಷ್ಠವೆಂದು ಹಿಡಿಯಿರಿ. ಬಾವಿಯ ಮೇಲಿನ ಇಳಿಜಾರನ್ನು ಬಿಟ್ಟು ಇನ್ನೊಂದು ಕಡೆಗೆ ನೀರು ಇಳಿಯುವ ಜಾಗವನ್ನು ಹುಡುಕುವುದು ಅದಕ್ಕಿಂತ ಉತ್ತಮ.

ನಮ್ಮ ರಾಜ್ಯದಲ್ಲಿ ಕುಡಿಯುವ ನೀರಿನ ಮೂಲಗಳ ಸಂರಕ್ಷಣೆಗೆಂದೇ 1999ರ ಅಂತರ್ಜಲ ಕಾಯ್ದೆಯಿದೆ. ಸಾರ್ವಜನಿಕ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬೇರೆ ಬಾವಿ ತೋಡುವಂತಿಲ್ಲ. ಆದರೆ ಅದರ ಕಾಳಜಿ ಮುಖ್ಯವಾಗಿ ನೀರು ಬತ್ತದಂತೆ ನೋಡುವುದರ ಬಗ್ಗೆ, ನೀರು ಕೆಡದಂತೆ ಕಾಯುವುದರ ಬಗ್ಗೆ ಅಲ್ಲ. ವಾಕರ್ಟನ್ ದುರಂತದ ನಂತರ ಆಂಟೇರಿಯೊ ಪ್ರಾಂತವು 2006ರಲ್ಲಿ ತಂದ ಕಾಯ್ದೆಯ ವ್ಯವಸ್ಥೆಯಲ್ಲಿ ಸಾರ್ವಜನಿಕ ಬಾವಿಯ ಸುತ್ತ 100 ಮೀಟರ್ ಒಳವಲಯವಿದೆ, ಅದರಾಚೆಗೆ ನೀರು ಎರಡು ವರ್ಷಗಳಲ್ಲಿ ಬಾವಿಯನ್ನು ತಲುಪುವಷ್ಟು ನೆಲ ಮುಂದಿನ ವಲಯಕ್ಕೆ ಸೇರುತ್ತದೆ, ಯೋಜನೆ ಮಾಡುವ ಸ್ಥಳೀಯ ಸಮಿತಿಗಳಲ್ಲಿ ರೈತರಿಗೂ ಸ್ಥಾನವಿದೆ. ನ್ಯೂಜಿಲೆಂಡಿನ ಹ್ಯಾವ್‌ಲಾಕ್ ನಾರ್ತ್‌ನಲ್ಲಿ 2016ರ ಆಗಸ್ಟ್‌ನ ಮಳೆಯಲ್ಲಿ ಕುರಿಗಳ ಹಿಕ್ಕೆಯಿಂದ ಕೊಳವೆಬಾವಿಯ ನೀರು ಕೆಟ್ಟು ಸಾವಿರಾರು ಜನ ಕಾಯಿಲೆ ಬಿದ್ದ ಮೇಲೆ, 2021ರ ಕಾಯ್ದೆಯಲ್ಲಿ ನೀರು ಪೂರೈಸುವವರೇ ಮೂಲದ ಅಪಾಯಗಳನ್ನು ಗುರುತಿಸಿ ಯೋಜನೆ ಬರೆದಿಡುವುದನ್ನು ಕಡ್ಡಾಯಮಾಡಿದರು. ಎರಡೂ ಕಡೆ ಕಾನೂನು ಬಂದದ್ದು ಜನ ನರಳಿದ ಮೇಲೆ. ನಾವು ಅಷ್ಟರವರೆಗೆ ಕಾಯಬೇಕಾಗಿಲ್ಲ.

ಪಂಚಾಯಿತಿಯ ಕೈಯಲ್ಲಿ ಈಗಲೇ ಇರುವ ಅಧಿಕಾರವೆಂದರೆ ಕಟ್ಟಡದ ಪರವಾನಗಿ. ಬಾವಿಯ ಮೇಲ್ಭಾಗದ ಸರ್ವೆ ನಂಬರುಗಳನ್ನು ಹೆಸರಿಸಿ ಗ್ರಾಮಸಭೆಯಲ್ಲಿ ಠರಾವು ಮಾಡಿರಿ. ಅಲ್ಲಿ ಹೊಸದಾಗಿ ಕಟ್ಟುವವರು ತಳಕ್ಕೆ ಕಾಂಕ್ರೀಟ್ ಹಾಕಿದ ಸೆಪ್ಟಿಕ್ ಟ್ಯಾಂಕನ್ನೇ ಕಟ್ಟಬೇಕು, ಅದರಿಂದ ಹೊರಬರುವ ನೀರು ಬಾವಿಯ ಕಡೆಗೆ ಇಂಗಬಾರದು ಎಂಬ ಷರತ್ತನ್ನು ಪರವಾನಗಿಯಲ್ಲಿಯೇ ಬರೆಸಿರಿ. ಹೋಂಸ್ಟೇಯವರಿಗೆ ಮೊದಲು ನೀರಿನ ವರದಿಯನ್ನು ತೋರಿಸಿ ಮಾತನಾಡಿರಿ. ಅವರ ಅತಿಥಿಗಳೂ ಕುಡಿಯುವುದು ಅದೇ ನೀರನ್ನಾಗಿದ್ದರೆ ಅರ್ಧ ಕೆಲಸ ಆದಂತೆ.

ಪ್ರಶ್ನೆ ಕೇಳಿದವರ ಮರುಬರಹ
ಬರೆದವರು: ಮಂಜುಗುಣಿ ದಾರಿ

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಮಾತಿನಂತೆ ಮಳೆ ನಿಂತ ಮೇಲೆ ಬಾವಿಯನ್ನು ನೋಡಿದೆವು. ಗುಡ್ಡದ ಕಡೆಯ ಗೋಡೆಯಲ್ಲಿ, ನೀರಿಗಿಂತ ಆಳೆತ್ತರ ಮೇಲೆ, ಎರಡು ಸಂದುಗಳಿಂದ ಕೆಂಪುನೀರು ಇಳಿಯುತ್ತಿತ್ತು. ಗಾಡಿದಾರಿಯ ನೀರು ತಿರುಗುವ ಜಾಗ ಅದಕ್ಕೆ ನೇರ ಮೇಲಿದೆ. ದಾರಿಯ ನೀರನ್ನು ಹಳ್ಳದ ಕಡೆಗೆ ತಿರುಗಿಸುವ ಕಾಲುವೆಯನ್ನು ಉದ್ಯೋಗ ಖಾತ್ರಿಯಲ್ಲಿ ಸೇರಿಸಲು ಕೇಳಿದ್ದೇವೆ. ಗೊಬ್ಬರಗುಂಡಿಗೆ ಮಾಡು ಹಾಕಲು ಒಂದು ಮನೆಯವರು ಒಪ್ಪಿದ್ದಾರೆ, ಇನ್ನೊಂದು ಮನೆಯವರು ಗ್ರಾಮಸಭೆಯಲ್ಲಿ ಎಲ್ಲರೂ ಏನು ಹೇಳುತ್ತಾರೋ ನೋಡೋಣ ಎಂದಿದ್ದಾರೆ. ಕಸದ ಶೆಡ್ಡಿಗೆ ಬೇರೆ ಜಾಗ ನೋಡುವುದೆಂದು ಬರವಣಿಗೆಯಲ್ಲಿ ಕೊಟ್ಟಿದ್ದೇನೆ. ಇನ್ನು ಮುಂದೆ ಮಾದರಿಯನ್ನು ಯಾವಾಗ ತೆಗೆಯಬೇಕು ಎಂಬುದೊಂದನ್ನು ತಿಳಿಸಿರಿ. ವರ್ಷಕ್ಕೆ ರಾಸಾಯನಿಕ ಪರೀಕ್ಷೆ ಒಂದು ಸಲ, ಸೂಕ್ಷ್ಮಾಣು ಪರೀಕ್ಷೆ ಎರಡು ಸಲ ಎಂದಿದೆ.

ಉತ್ತರ
ಬರೆದವರು: ನೀರಿನ ಮಾದರಿ

ಆ ಎರಡು ಸಲಗಳಲ್ಲಿ ಒಂದನ್ನು ಮೊದಲ ಜೋರುಮಳೆಯ ಮಾರನೆಯ ದಿನಕ್ಕೆ ಮೀಸಲಿಡಿರಿ. ಅನುಕೂಲವಾದ ದಿನ ತೆಗೆದ ಮಾದರಿಗಿಂತ ಬಾವಿ ಅತಿ ಕೆಟ್ಟಿರಬಹುದಾದ ದಿನ ತೆಗೆದ ಮಾದರಿಗೆ ಹೆಚ್ಚು ಬೆಲೆ. ರೋಗಾಣು ಪರೀಕ್ಷೆಯ ಬಾಟಲಿಯನ್ನು ಪ್ರಯೋಗಾಲಯದಿಂದಲೇ ತನ್ನಿರಿ, ಮನೆಯ ಬಾಟಲಿ ಬೇಡ. ತುಂಬಿದ ಮೇಲೆ ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಿರಿ. ಕ್ಲೋರಿನ್ ಹಾಕುವ ಮೊದಲು ಬಾವಿಯದೊಂದು, ಹಾಕಿದ ಮೇಲೆ ಕೊನೆಯ ಮನೆಯ ನಳದ್ದೊಂದು, ಹೀಗೆ ಎರಡು ಮಾದರಿಗಳಿರಲಿ. ಮೊದಲನೆಯದು ಗುಡ್ಡದ ಸ್ಥಿತಿಯನ್ನು ಹೇಳುತ್ತದೆ, ಎರಡನೆಯದು ನಿಮ್ಮ ನೀರುಗಂಟಿಯ ಕೆಲಸವನ್ನು ಹೇಳುತ್ತದೆ. ಕಾಲುವೆ ತೋಡಿದ ಮೇಲೆ, ಗುಂಡಿಗೆ ಮಾಡು ಹಾಕಿದ ಮೇಲೆ ಮುಂದಿನ ಮೃಗಶಿರಾದಲ್ಲಿ ಅದೇ ಜಾಗದಿಂದ ಅದೇ ರೀತಿ ಮತ್ತೆ ತೆಗೆದು, ಎರಡೂ ವರ್ಷಗಳ ವರದಿಗಳನ್ನು ಪಂಚಾಯಿತಿಯ ಸೂಚನಾ ಫಲಕದಲ್ಲಿ ಒಟ್ಟಿಗೆ ಹಚ್ಚಿರಿ.